ಚಳ್ಳಕೆರೆ – ಮೊಳಕಾಲ್ಮೂರು: ಎರಡು ದಿನಗಳ ಪ್ರವಾಸಕ್ಕೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ಚಿತ್ರದುರ್ಗದ ಕೋಟೆಯನ್ನೋ ಹಂಪೆಯನ್ನೋ ನೋಡಲು ಬರುವ ಪ್ರವಾಸಿಗರು ಸಾಮಾನ್ಯವಾಗಿ ಈ ಭಾಗವನ್ನು ಹಾದುಹೋಗುತ್ತಾರೆಯೇ ಹೊರತು ಇಲ್ಲಿ ನಿಲ್ಲುವುದು ವಿರಳ.

ಇಲ್ಲಿ ನೋಡಬೇಕಾದವು ಗಾತ್ರದಲ್ಲಿ ಚಿಕ್ಕವು, ಒಂದರಿಂದ ಒಂದು ದೂರದಲ್ಲಿರುವಂಥವು: ಅಕ್ಷರ ಕೊರೆದ ಒಂದು ಬಂಡೆ, ಮನೆಯೊಳಗಿನ ಒಂದು ಮಗ್ಗ, ಊರ ಹೊರಗಿನ ಒಂದು ಮಠ. ಇವುಗಳ ಉಳಿವು ಕಾವಲುಗಾರರಿಗಿಂತ ಹೆಚ್ಚಾಗಿ ಬಂದು ಹೋಗುವವರ ನಡವಳಿಕೆಯನ್ನೇ ಅವಲಂಬಿಸಿದೆ. ಆದುದರಿಂದ ಪ್ರವಾಸದ ಕ್ರಮದೊಂದಿಗೆ ಪಾಲಿಸಬೇಕಾದ ನಿಯಮಗಳನ್ನೂ ಅರ್ಜಿ ಸಲ್ಲಿಸುವ ವಿಧಾನವನ್ನೂ ಈ ಪುಟದಲ್ಲಿ ನೀಡಲಾಗಿದೆ.

1. ತಂಗುವ ಊರು ಮತ್ತು ಮಾರ್ಗ

ವಸತಿಗೆ ಚಳ್ಳಕೆರೆ ಪಟ್ಟಣವು ಅನುಕೂಲಕರ. ಇದು ಬೆಂಗಳೂರಿನಿಂದ ಸುಮಾರು 200 ಕಿ.ಮೀ., ಚಿತ್ರದುರ್ಗದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಬೆಂಗಳೂರಿನಿಂದ ಬರುವವರು ಹಿರಿಯೂರಿನಲ್ಲಿ ಬಳ್ಳಾರಿ ರಸ್ತೆಗೆ ತಿರುಗಬೇಕು. ಚಿಕ್ಕಜಾಜೂರು – ಚಿತ್ರದುರ್ಗ – ರಾಯದುರ್ಗ – ಬಳ್ಳಾರಿ ರೈಲು ಮಾರ್ಗದಲ್ಲಿ ಚಳ್ಳಕೆರೆ ನಿಲ್ದಾಣವಿದೆ. ಈ ಮಾರ್ಗದಲ್ಲಿ ಸಂಚರಿಸುವ ರೈಲುಗಳ ಸಂಖ್ಯೆ ಕಡಿಮೆಯಾದುದರಿಂದ ವೇಳೆಯನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

ರಾಜ್ಯದ ನಿವಾಸಿಗಳಾದ ಮಹಿಳೆಯರು 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಮತ್ತು ವೇಗದೂತ ಸಾರಿಗೆಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಮೊಳಕಾಲ್ಮೂರಿಗೆ ಸಮೀಪವಿರುವ ರಾಯದುರ್ಗವು ಆಂಧ್ರಪ್ರದೇಶಕ್ಕೆ ಸೇರಿದೆ. ಅಂತರರಾಜ್ಯ ಬಸ್ಸುಗಳಿಗೆ ಈ ಯೋಜನೆಯು ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

2. ಸೂಕ್ತ ಕಾಲ

ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯು ಸೂಕ್ತ. ಅಕ್ಟೋಬರ್ – ನವೆಂಬರ್‌ನಲ್ಲಿ ಬಂದವರಿಗೆ ಶೇಂಗಾ ಕೀಳುವ ಸುಗ್ಗಿಯೂ ಕಾಣಸಿಗುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಂಡೆಗಳು ಬಹಳವಾಗಿ ಕಾಯುವುದರಿಂದ ಮಧ್ಯಾಹ್ನ ಬೆಟ್ಟವೇರುವುದು ಹಿತವಲ್ಲ. ಫಾಲ್ಗುಣ ಮಾಸದ ನಾಯಕನಹಟ್ಟಿ ರಥೋತ್ಸವ ಹಾಗೂ ಭಾದ್ರಪದ ಮಾಸದ ಗೌರಸಮುದ್ರ ಮಾರಮ್ಮನ ಜಾತ್ರೆಗಳಿಗೆ ಅಪಾರ ಜನ ಸೇರುತ್ತಾರೆ. ಜಾತ್ರೆಗೆಂದೇ ಬರುವವರನ್ನು ಬಿಟ್ಟು ಉಳಿದವರು ಆ ದಿನಗಳನ್ನು ತಪ್ಪಿಸುವುದು ಲೇಸು.

3. ಮೊದಲನೆಯ ದಿನ: ಚಳ್ಳಕೆರೆ ಮತ್ತು ಸುತ್ತಮುತ್ತ

*ಚಳ್ಳಕೆರೆ:* ಶೇಂಗಾ ವಹಿವಾಟು ಮತ್ತು ಎಣ್ಣೆ ಗಿರಣಿಗಳಿಂದಾಗಿ ಈ ಪಟ್ಟಣಕ್ಕೆ ಎಣ್ಣೆ ನಗರವೆಂಬ ಹೆಸರು ಬಂದಿದೆ. ಈ ಸೀಮೆಯ ಕುರಿ ಉಣ್ಣೆಯ ಕೈಮಗ್ಗದ ಕಂಬಳಿಯೂ ಹೆಸರಾದುದು. ಪಟ್ಟಣದ ದೇವತೆ ಚಳ್ಳಕೆರಮ್ಮನ ದೇವಾಲಯವನ್ನು ಬೆಳಿಗ್ಗೆಯೇ ನೋಡಬಹುದು.

*ದೊಡ್ಡೇರಿ:* ಚಳ್ಳಕೆರೆಗೆ ಸಮೀಪದ ಗ್ರಾಮ. 1695ರಲ್ಲಿ ಮೊಗಲರ ಸೇನಾನಿ ಖಾಸಿಂಖಾನನು ಇಲ್ಲಿ ಆಶ್ರಯ ಪಡೆದಾಗ ಮರಾಠರ ಸಂತಾಜಿ ಘೋರ್ಪಡೆಯು ಮುತ್ತಿಗೆ ಹಾಕಿದನು. ಖಾಸಿಂಖಾನನು ಮುತ್ತಿಗೆಯಲ್ಲಿಯೇ ಮೃತನಾದನು.

*ನಾಯಕನಹಟ್ಟಿ:* ಚಳ್ಳಕೆರೆಯಿಂದ ಸುಮಾರು 22 ಕಿ.ಮೀ. ಇಲ್ಲಿ ಗುರು ತಿಪ್ಪೇರುದ್ರಸ್ವಾಮಿಯವರ ಒಳಮಠ ಮತ್ತು ಹೊರಮಠಗಳಿವೆ. ಸ್ವಾಮಿಗಳು ಜನರಿಂದ ದುಡಿಸಿ, ದುಡಿದಷ್ಟಕ್ಕೆ ತಕ್ಕ ಕೂಲಿ ಕೊಟ್ಟು ಈ ಬರಡು ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಪ್ರತೀತಿ. ಎರಡೂ ಮಠಗಳನ್ನು ನೋಡಿ, ಊರಿನ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಡೆಯುವುದು ಒಳ್ಳೆಯದು.

*ಕಾವಲು ಭೂಮಿ:* ನಾಯಕನಹಟ್ಟಿಯ ಸಮೀಪದ ಕುದಾಪುರ ಭಾಗದಲ್ಲಿ ಹಿಂದಿನ ಅಮೃತಮಹಲ್ ಕಾವಲಿನ ಹುಲ್ಲುಗಾವಲುಗಳಿವೆ. ಇದರ ದೊಡ್ಡ ಭಾಗವನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ನೀಡಲಾಗಿದೆ. 2017ರಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವು ಇಲ್ಲಿ ಆರಂಭವಾಯಿತು. ಬೇಲಿಯೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಡ್ರೋನ್ ಹಾರಿಸುವಂತಿಲ್ಲ.

*ದೇವರ ಎತ್ತುಗಳು:* ಈ ತಾಲ್ಲೂಕುಗಳ ಮ್ಯಾಸನಾಯಕ ಸಮುದಾಯದವರು ದೇವರ ಹೆಸರಿನಲ್ಲಿ ರಾಸುಗಳನ್ನು ಸಾಕುತ್ತಾರೆ. ಇವುಗಳನ್ನು ನೋಡಿಕೊಳ್ಳುವವರು ಕಿಲಾರಿಗಳು. ಅವರ ಅನುಮತಿಯಿಲ್ಲದೆ ಹಟ್ಟಿಯ ಬಳಿ ಹೋಗಬಾರದು, ಪಾದರಕ್ಷೆ ಕಳಚಿಯೇ ಹೋಗಬೇಕು. ಬರಗಾಲದಲ್ಲಿ ಈ ರಾಸುಗಳಿಗೆ ಮೇವು ಹೊಂದಿಸುವುದೇ ಕಷ್ಟ. ಕಾಣಿಕೆ ಕೊಡಬಯಸುವವರು ಮೇವಿನ ರೂಪದಲ್ಲಿ ಕೊಟ್ಟರೆ ಉಪಯುಕ್ತ.

4. ಎರಡನೆಯ ದಿನ: ಮೊಳಕಾಲ್ಮೂರು

ಚಳ್ಳಕೆರೆಯಿಂದ ತಳಕು, ಬಿ.ಜಿ.ಕೆರೆ, ಹಾನಗಲ್ ಮಾರ್ಗವಾಗಿ ಮೊಳಕಾಲ್ಮೂರು ಸುಮಾರು 50 ಕಿ.ಮೀ. ದೂರವಿದೆ. ದಾರಿಯಲ್ಲಿ ಸಿಗುವ ತಳಕು, ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ.ಎಸ್.ವೆಂಕಣ್ಣಯ್ಯನವರ ಹಾಗೂ ಚಿತ್ರದುರ್ಗದ ಇತಿಹಾಸವನ್ನು ಕಾದಂಬರಿಗಳಾಗಿ ಬರೆದ ತ.ರಾ.ಸು. ಅವರ ಮನೆತನದ ಊರು. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಮಗ್ಗ, ಸಂಜೆ ದೇವಾಲಯ ಎಂಬ ಕ್ರಮವನ್ನು ಅನುಸರಿಸಿದಲ್ಲಿ ಬಿಸಿಲಿನ ತೊಂದರೆಯಿಲ್ಲದೆ ಎಲ್ಲವನ್ನೂ ನೋಡಬಹುದು.

*ಅಶೋಕ ಸಿದ್ದಾಪುರ ಮತ್ತು ಬ್ರಹ್ಮಗಿರಿ:* ಮೊಳಕಾಲ್ಮೂರಿನಿಂದ ರಾಂಪುರದ ಕಡೆಗೆ 15ರಿಂದ 20 ಕಿ.ಮೀ. ಅಂತರದಲ್ಲಿವೆ. ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟ ಎಂಬ ಮೂರು ಸ್ಥಳಗಳಲ್ಲಿರುವ ಮೌರ್ಯ ಚಕ್ರವರ್ತಿ ಅಶೋಕನ ಕಿರು ಬಂಡೆ ಶಾಸನಗಳನ್ನು 1892ರಲ್ಲಿ ಬಿ.ಎಲ್.ರೈಸ್ ಅವರು ಬೆಳಕಿಗೆ ತಂದರು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿಯ ಈ ಶಾಸನಗಳು ಕ್ರಿ.ಪೂ. 3ನೆಯ ಶತಮಾನದವು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯೆಂದು ಇವು ಆರಂಭವಾಗುತ್ತವೆ. ತಂದೆತಾಯಿಗಳ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬುದು ಇವುಗಳ ಬೋಧೆ. ಶಾಸನವನ್ನು ಬರೆದ ಲಿಪಿಕಾರ ಚಪಡನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ.

ಬ್ರಹ್ಮಗಿರಿಯ ಬಂಡೆಯನ್ನು ಸ್ಥಳೀಯರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಬೆಟ್ಟದ ತಪ್ಪಲಿನಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ನಡೆಸಿದರು. ನಯಗೊಳಿಸಿದ ಕಲ್ಲಿನ ಕೊಡಲಿಗಳ ಕಾಲ, ಬೃಹತ್ ಶಿಲಾ ಸಮಾಧಿಗಳ ಕಾಲ ಮತ್ತು ಅನಂತರದ ಐತಿಹಾಸಿಕ ಕಾಲದ ನೆಲೆಗಳು ಇಲ್ಲಿ ಒಂದರ ಮೇಲೊಂದು ದೊರೆತವು.

*ಜಟಿಂಗ ರಾಮೇಶ್ವರ ಬೆಟ್ಟ:* ಜಟಾಯುವಿನ ಐತಿಹ್ಯದೊಂದಿಗೆ ಸೇರಿದ ಈ ಬೆಟ್ಟದ ಮೇಲೆ ಪ್ರಾಚೀನ ಶಿವಾಲಯವಿದೆ. ಇಲ್ಲಿನ ಶಾಸನದ ಬಂಡೆಗೆ ಬಳೆಗಾರ ಗುಂಡು ಎಂದು ಹೆಸರು. ಹಿಂದೆ ಜಾತ್ರೆಯ ದಿನಗಳಲ್ಲಿ ಬಳೆಗಾರರು ಈ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಯಾರಲ್ಲಿಯೂ ಕೇಡಿನ ಉದ್ದೇಶವಿರಲಿಲ್ಲ. ಆದರೂ ಇಂದು ಮೂರು ಶಾಸನಗಳಲ್ಲಿ ಇದೇ ಅತ್ಯಂತ ಹೆಚ್ಚು ಸವೆದಿದೆ. ಅಳಿದ ಅಕ್ಷರಗಳನ್ನು ಮತ್ತೆ ತರುವ ಉಪಾಯವಿಲ್ಲ.

*ಮಗ್ಗದ ಮನೆಗಳು:* ಮೊಳಕಾಲ್ಮೂರು ಪಟ್ಟಣ ಮತ್ತು ಕೊಂಡ್ಲಹಳ್ಳಿಯಲ್ಲಿ ರೇಷ್ಮೆ ಸೀರೆಯ ಕೈಮಗ್ಗಗಳಿವೆ. ಮಗ್ಗವು ನೇಕಾರರ ವಾಸದ ಮನೆಯಲ್ಲಿಯೇ ಇರುವುದರಿಂದ ಅನುಮತಿ ಪಡೆದು ಒಳಹೋಗಬೇಕು. ಹೂಡಿದ ಹಾಸನ್ನು ಮುಟ್ಟಬಾರದು.

*ನುಂಕೆಮಲೆ:* ಪಟ್ಟಣಕ್ಕೆ ಸಮೀಪದ ಬೆಟ್ಟ. ಇಲ್ಲಿನ ದೇವಾಲಯದ ದರ್ಶನ ಮುಗಿಸಿ ಕತ್ತಲಾಗುವ ಮುನ್ನ ಇಳಿಯಬೇಕು.

5. ಸೀರೆ ಕೊಳ್ಳುವವರ ಗಮನಕ್ಕೆ

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೂ ಯಂತ್ರಮಗ್ಗದ ಸೀರೆಗಳನ್ನು ಕೈಮಗ್ಗದವೆಂದು ನಂಬಿಸಿ ಮಾರುವ ಸಾಧ್ಯತೆ ಇದ್ದೇ ಇರುತ್ತದೆ. ಗ್ರಾಹಕರು ಈ ಅಂಶಗಳನ್ನು ಗಮನಿಸತಕ್ಕದ್ದು:

(ಅ) ಸಿಲ್ಕ್ ಮಾರ್ಕ್ ಚೀಟಿಯು ನೂಲು ಶುದ್ಧ ರೇಷ್ಮೆ ಎಂಬುದನ್ನು ಮಾತ್ರ ತಿಳಿಸುತ್ತದೆ, ಕೈಮಗ್ಗದ್ದೆಂದು ತಿಳಿಸುವುದಿಲ್ಲ.
(ಆ) ಕೈಮಗ್ಗದ ಬಟ್ಟೆಗೆ 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಪ್ರತ್ಯೇಕವಾಗಿದೆ. ಎರಡನ್ನೂ ಕೇಳಬೇಕು.
(ಇ) ಸೀರೆಯ ವಿವರವುಳ್ಳ ರಸೀದಿಯನ್ನು ಪಡೆಯಬೇಕು.
(ಈ) ಒಂದು ಸೀರೆಗೆ ಹಲವು ದಿನಗಳ ದುಡಿಮೆ ಬೇಕು. ನೇಕಾರರ ಮನೆಯಲ್ಲಿ ಅತಿಯಾಗಿ ಚೌಕಾಸಿ ಮಾಡಿದರೆ ಕಡಿತವಾಗುವುದು ಅವರ ಕೂಲಿಯೇ.

6. ಶಾಸನ ಸ್ಥಳಗಳಲ್ಲಿ ಪಾಲಿಸಬೇಕಾದ ನಿಯಮಗಳು

(ಅ) ಬಂಡೆಯ ಮೇಲೆ ಹತ್ತುವುದು, ಕುಳಿತುಕೊಳ್ಳುವುದು, ಅಕ್ಷರಗಳಿಗೆ ಸುಣ್ಣ, ಅರಿಶಿನ, ಎಣ್ಣೆ ಅಥವಾ ನೀರು ಹಾಕುವುದು ಕೂಡದು.
(ಆ) ಶಾಸನದ ಅಚ್ಚು ತೆಗೆಯಬಾರದು. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ.
(ಇ) ನೆಲದ ಮೇಲೆ ಕಂಡ ಮಡಕೆ ಚೂರು, ಕಲ್ಲಿನ ಆಯುಧಗಳನ್ನು ಒಯ್ಯಬಾರದು.
(ಈ) ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಮತ್ತು ಅದರ 2010ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

7. ಅರ್ಜಿ ಸಲ್ಲಿಸುವ ವಿಧಾನ

*ಪ್ರವಾಸಿ ಮಂದಿರ:* ಲೋಕೋಪಯೋಗಿ ಇಲಾಖೆಯ ಸಂಬಂಧಿತ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರಿಗೆ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ತಂಗುವವರ ಸಂಖ್ಯೆ ಮತ್ತು ದಿನಾಂಕಗಳನ್ನು ನಮೂದಿಸಿ, ಗುರುತಿನ ಚೀಟಿಯ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಬೇಕು. ಕರ್ತವ್ಯದ ಮೇಲಿರುವ ಅಧಿಕಾರಿಗಳಿಗೆ ಆದ್ಯತೆಯಿರುವುದರಿಂದ ಪರ್ಯಾಯ ವಸತಿಯನ್ನೂ ಯೋಚಿಸಿಕೊಂಡಿರಬೇಕು.

*ಶಾಲಾ ತಂಡಗಳು:* ಬಸ್ಸನ್ನು ಒಪ್ಪಂದದ ಮೇಲೆ ಪಡೆಯಬಯಸುವ ಮುಖ್ಯೋಪಾಧ್ಯಾಯರು ರಾಜ್ಯ ರಸ್ತೆ ಸಾರಿಗೆ ನಿಗಮದ ಹತ್ತಿರದ ಘಟಕ ವ್ಯವಸ್ಥಾಪಕರನ್ನು ಸಂಪರ್ಕಿಸಬೇಕು.

*ಚಿತ್ರೀಕರಣ:* ಸಂರಕ್ಷಿತ ಸ್ಮಾರಕಗಳಲ್ಲಿ ಚಲನಚಿತ್ರ ಅಥವಾ ಸಾಕ್ಷ್ಯಚಿತ್ರ ತೆಗೆಯಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಲಿಖಿತ ಅನುಮತಿ ಅಗತ್ಯ.

8. ವಿಶೇಷ ಸೂಚನೆ

ಬೆಟ್ಟಗಳಲ್ಲಿ ನೀರು ದೊರೆಯುವುದಿಲ್ಲವೆಂದೇ ಭಾವಿಸಿ, ಒಬ್ಬೊಬ್ಬರು ಕನಿಷ್ಠ 2 ಲೀಟರ್ ನೀರನ್ನು ಒಯ್ಯತಕ್ಕದ್ದು. ಕುರುಚಲು ಕಾಡಿನಲ್ಲಿ ಕರಡಿ, ಚಿರತೆಗಳ ಸಂಚಾರವಿರುವುದರಿಂದ ನಸುಕಿನಲ್ಲಿಯೂ ಮುಸ್ಸಂಜೆಯ ನಂತರವೂ ಒಬ್ಬರೇ ಹೋಗಬಾರದು. ಒಣ ಹುಲ್ಲಿನ ಬಳಿ ಬೆಂಕಿ ಹಚ್ಚಬಾರದು. ತುರ್ತು ಸಂದರ್ಭದಲ್ಲಿ 112ಕ್ಕೆ, ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು.

ಶಾಸನ ಅಥವಾ ಸ್ಮಾರಕಕ್ಕೆ ಹಾನಿಯಾಗಿರುವುದು ಕಂಡುಬಂದಲ್ಲಿ ಸ್ಥಳ ಮತ್ತು ದಿನಾಂಕವನ್ನು ಗುರುತು ಮಾಡಿಕೊಂಡು ತಹಶೀಲ್ದಾರರ ಕಚೇರಿಗಾಗಲಿ, ಹತ್ತಿರದ ಪೊಲೀಸ್ ಠಾಣೆಗಾಗಲಿ ಕೂಡಲೇ ತಿಳಿಸಬೇಕೆಂದು ಸಾರ್ವಜನಿಕರನ್ನು ಕೋರಲಾಗಿದೆ.