ತಂತಿ ತೊಟ್ಟ ಅಂಗಿ

ಸಂಶೋಧನೆಯ ನೆವದಲ್ಲಿ ಒಮ್ಮೆ ಬೆಳಗಾವಿಯ ಎರಕದ ಕಾರ್ಖಾನೆಯೊಂದಕ್ಕೆ ಹೋಗಿದ್ದೆ. ಇಂಡಕ್ಷನ್ ಕುಲುಮೆಯಲ್ಲಿ ಕಬ್ಬಿಣ ಕರಗಿ ನೀರಾಗಿತ್ತು. ಇದ್ದಿಲಿಲ್ಲ, ತಿದಿಯಿಲ್ಲ, ಜ್ವಾಲೆಯೂ ಇಲ್ಲ. ಎಲ್ಲರಂತೆ ನಾನೂ ಆ ಕೆಂಪನ್ನೇ ನೋಡುತ್ತ ನಿಂತಿದ್ದೆ. ಅಲ್ಲಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು, "ಅದನ್ನೇನ್ ನೋಡ್ತೀರಿ ಸರ, ಇದನ್ನ ನೋಡ್ರಿ" ಎಂದು ಕುಲುಮೆಯ ಹಿಂದೆ ಜೋತುಬಿದ್ದಿದ್ದ ತೋಳುಗಾತ್ರದ ಕೇಬಲ್ಲುಗಳನ್ನು ತೋರಿಸಿದರು. "ಇದು ಸುಟ್ಟರ ಎಲ್ಲಾ ಬಂದ್ ರೀ."

ಅವರ ಮಾತು ನಿಜ. ಕುಲುಮೆಯನ್ನು ಸುತ್ತಿದ ತಾಮ್ರದ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದರೆ, ಒಳಗಿನ ಲೋಹದಲ್ಲಿ ತಾನಾಗಿ ವಿದ್ಯುತ್ ಸುಳಿಗಳು ಏಳುತ್ತವೆ. ಲೋಹ ತನ್ನೊಳಗಿನಿಂದಲೇ ಕಾದು 1500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆದರೆ ಆ ವಿದ್ಯುತ್ತನ್ನು ಹೊತ್ತು ತರುವ ತಂತಿ ಅಷ್ಟು ಹತ್ತಿರದಲ್ಲಿದ್ದೂ ಸುಡಬಾರದು. ಶಾಖ ಹುಟ್ಟಿಸಿದವರ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ತಂತಿಗೆ ಅಂಗಿ ತೊಡಿಸಿದವರ ಚರಿತ್ರೆಯನ್ನು ಓದಿಲ್ಲ.

ಎರಡೂ ಶುರುವಾಗುವುದು ಒಂದೇ ಕಡೆ. 1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಾಮ್ರದ ತಂತಿ ಸುತ್ತಿ ಪ್ರಯೋಗ ಮಾಡಿದ. ಸುತ್ತುಗಳು ಒಂದಕ್ಕೊಂದು ತಾಗದಿರಲು ಅವನು ಬಳಸಿದ್ದು ದಾರದ ಹುರಿ ಮತ್ತು ಕ್ಯಾಲಿಕೋ ಬಟ್ಟೆ. ಆ ಬಟ್ಟೆಗೆ ಹೆಸರು ಬಂದದ್ದು ನಮ್ಮ ಕಲ್ಲಿಕೋಟೆಯಿಂದ. ವಿದ್ಯುತ್ ಯುಗದ ಮೊದಲ ನಿರೋಧಕಗಳಲ್ಲಿ ಒಂದು ಹತ್ತಿಯ ಬಟ್ಟೆ.

ಹತ್ತಿಗೆ ಮಿತಿಯಿದೆ. ಬರಿಯ ಹತ್ತಿ 90 ಡಿಗ್ರಿಯವರೆಗೆ, ವಾರ್ನಿಷ್ ಕುಡಿಸಿದರೆ 105ರವರೆಗೆ ಬಾಳುತ್ತದೆ ಎಂದು ಎಂಜಿನಿಯರುಗಳು ಮುಂದೆ ಲೆಕ್ಕ ಕಟ್ಟಿದರು. 1900ರಲ್ಲಿ ಸ್ವೀಡನ್ನಿನ ಗೀಸಿಂಗೆಯಲ್ಲಿ ಶೆಲಿನ್ ಇಂಡಕ್ಷನ್ ಕುಲುಮೆಯಲ್ಲಿ ಉಕ್ಕು ಕರಗಿಸಿದಾಗ, 1916ರ ಹೊತ್ತಿಗೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಎಡ್ವಿನ್ ನಾರ್ತ್‌ರಪ್ ಅಧಿಕ ಆವರ್ತನದ ಕುಲುಮೆ ರೂಪಿಸಿದಾಗ, ಬಟ್ಟೆಯ ಕಾಲ ಮುಗಿಯುತ್ತ ಬಂದಿತ್ತು. ಸುಡದ ವಸ್ತು ಬೇಕಾಗಿತ್ತು. ಸುಡದ್ದು ಎಂದರೆ ಕಲ್ಲು. ಹಾಗಾಗಿ ಉದ್ಯಮ ನೆಲ ಅಗೆಯಿತು. ಸಿಕ್ಕಿದ್ದು ಎರಡು: ಕಲ್ನಾರು ಮತ್ತು ಕಾಗೆಬಂಗಾರ, ಅಂದರೆ ಆಸ್ಬೆಸ್ಟಾಸ್ ಮತ್ತು ಅಭ್ರಕ.

ಕಲ್ನಾರು ವಿಚಿತ್ರ ಕಲ್ಲು. ಹತ್ತಿಯಂತೆ ಹಿಂಜಬಹುದು, ನೂಲಬಹುದು, ನೇಯಬಹುದು. ಅದನ್ನು ತಂತಿಗೆ ಹೆಣೆದರೆ ಬೆಂಕಿಯ ಭಯವಿಲ್ಲ. ಆದರೆ ಹಿಂಜುವಾಗ ಏಳುವ ಧೂಳು? ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕೆರ್ಶಾ ಎಂಬಾಕೆ 1924ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡಳು. ವೈದ್ಯ ಡಬ್ಲ್ಯು. ಇ. ಕುಕ್ ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿ, ಸಾವಿಗೆ ಕಾರಣ ಆ ಧೂಳೇ ಎಂದು ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ಬ್ರಿಟನ್ನಿನಲ್ಲಿ ಧೂಳು ತಡೆಯುವ ನಿಯಮಗಳು ಬಂದದ್ದು 1931ರಲ್ಲಿ. ಆಮೇಲೂ ದಶಕಗಳ ಕಾಲ ಜಗತ್ತು ಕಲ್ನಾರನ್ನು ಬಿಡಲಿಲ್ಲ.

ಕಾಗೆಬಂಗಾರದ ಕತೆ ನಮ್ಮ ದೇಶದ್ದೇ. ಇಂದಿನ ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಸುತ್ತಿನ ಅಭ್ರಕ ಒಂದು ಕಾಲಕ್ಕೆ ಜಗತ್ತಿನ ವಿದ್ಯುತ್ ಯಂತ್ರಗಳಿಗೆಲ್ಲ ಬೇಕಾಗಿತ್ತು. ಎರಡನೇ ಮಹಾಯುದ್ಧದ ನಡುವೆ ಬ್ರಿಟನ್ ಮತ್ತು ಅಮೆರಿಕ ಇದಕ್ಕಾಗಿಯೇ ಕಲ್ಕತ್ತೆಯಲ್ಲಿ ಜಂಟಿ ನಿಯೋಗವೊಂದನ್ನು ಇಟ್ಟಿದ್ದವು. ಈ ಕಲ್ಲನ್ನು ಈರುಳ್ಳಿಯ ಸಿಪ್ಪೆಗಿಂತ ತೆಳ್ಳಗೆ ಪದರ ಪದರವಾಗಿ ಸೀಳಬೇಕು. ಕೈ ಮಾಡುವಷ್ಟು ನಾಜೂಕಾಗಿ ಈ ಕೆಲಸವನ್ನು ಯಂತ್ರ ಮಾಡುತ್ತಿರಲಿಲ್ಲ. ಹೆಂಗಸರೂ ಮಕ್ಕಳೂ ಚಾಕು ಹಿಡಿದು ಕೂತು ಸೀಳಿದರು. ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಇಲ್ಲಿ. ರಫ್ತಾದ ಅಭ್ರಕದ ತೂಕ ಕಡತಗಳಲ್ಲಿ ಸಿಗುತ್ತದೆ. ಸೀಳಿದ ಕೈಗಳ ಹೆಸರು ಸಿಗುವುದಿಲ್ಲ. ಕೈಬಿಟ್ಟ ಗಣಿಗಳಲ್ಲಿ ಅಭ್ರಕದ ಚೂರು ಆಯುವ ಮಕ್ಕಳ ಸಾವು 2016ರಲ್ಲೂ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಕಲ್ನಾರಿಗೆ ಬದಲಿ ಬಂದದ್ದು ಪ್ರಯೋಗಾಲಯದಿಂದ. 1930ರ ದಶಕದಲ್ಲಿ ಅಮೆರಿಕದಲ್ಲಿ ಗಾಜನ್ನು ನೂಲಾಗಿ ಎಳೆಯುವ ವಿಧಾನ ಉದ್ಯಮವಾಗಿ ಬೆಳೆಯಿತು. 1940ರಲ್ಲಿ ಯೂಜಿನ್ ರೋಶೋ ಸಿಲಿಕೋನ್ ತಯಾರಿಕೆಗೆ ನೇರ ದಾರಿಯೊಂದನ್ನು ಕಂಡುಕೊಂಡ. ಇಂದಿನ ಶಾಖನಿರೋಧಕ ಕೇಬಲ್ಲಿನಲ್ಲಿ ತವರ ಅಥವಾ ನಿಕಲ್ ಲೇಪಿಸಿದ ತಾಮ್ರದ ಎಳೆಗಳ ಮೇಲೆ ಸಿಲಿಕೋನ್ ರಬ್ಬರನ್ನು ಒತ್ತಿ ಹೊದಿಸಿ, ಬಿಸಿಗಾಳಿಯಲ್ಲಿ ಗಟ್ಟಿಯಾಗಿಸುತ್ತಾರೆ. ಅದರ ಮೇಲೆ ಹತ್ತಾರು ಕಂಡಿಕೆಗಳು ಸುತ್ತುತ್ತ ಗಾಜಿನ ನೂಲನ್ನು ಜಡೆಯಂತೆ ಹೆಣೆಯುತ್ತವೆ. ಇದು 180 ಡಿಗ್ರಿಯಲ್ಲೂ ವರ್ಷಗಟ್ಟಲೆ ಬಾಳುತ್ತದೆ. ಬೆಂಕಿಗೆ ಸಿಕ್ಕಿ ಸಿಲಿಕೋನ್ ಉರಿದುಹೋದರೂ ಉಳಿಯುವ ಸಿಲಿಕಾ ಬೂದಿ ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ. ಬೆಂಕಿಯಲ್ಲೂ ಕೆಲಸ ಮಾಡಬೇಕಾದ ಕೇಬಲ್ಲುಗಳಿಗೆ ಒಳಗೆ ಅಭ್ರಕದ ಪಟ್ಟಿಯನ್ನು ಈಗಲೂ ಸುತ್ತುತ್ತಾರೆ. ಕುಲುಮೆಯ ದೊಡ್ಡ ಕೇಬಲ್ಲುಗಳಿಗೆ ಇಷ್ಟೂ ಸಾಲದು. ಅವುಗಳೊಳಗೆ ತಾಮ್ರದ ಜೊತೆ ತಣ್ಣೀರೂ ಹರಿಯುತ್ತದೆ.

ಬೆಳಗಾವಿಯ ಆ ಹಿರಿಯರು ತೋರಿಸಿದ್ದು ಇಂಥದ್ದೇ ಕೇಬಲ್ಲು. ಮೇಲೆ ಗಾಜಿನ ನೂಲಿನ ತೋಳುಚೀಲ. "ನಾ ಕೆಲಸಕ್ಕ ಸೇರಿದಾಗ ಇದೆಲ್ಲಿತ್ರೀ? ಕಲ್ನಾರಿನ ಹಗ್ಗ ಬರತಿತ್ತು. ಬರೇ ಕೈಲೆ ಸುತ್ತತಿದ್ವಿ. ಹಳೇದ ಬಿಚ್ಚಿದರ ಹಿಟ್ಟು ಹಾರಿದಂಗ ಧೂಳು" ಎಂದರು. ಅವರೊಡನೆ ಆಗ ದುಡಿದವರ ಬಗ್ಗೆ ಕೇಳಿದೆ. ಇಬ್ಬರು ಈಗಿಲ್ಲ, ಒಬ್ಬರಿಗೆ ದಮ್ಮು. ಕಾರಣ ಕಲ್ನಾರೇ ಎಂದು ಹೇಳಲು ನಾನು ವೈದ್ಯನಲ್ಲ. ಯಾವ ವೈದ್ಯರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ. ಧೂಳಿನ ವಿಷಯ 1924ರಲ್ಲೇ ಅಚ್ಚಾಗಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗ ಯಾರೂ ಹೇಳಲಿಲ್ಲ ನೋಡ್ರಿ" ಎಂದರು.

ಎದೆಯ ತಪಾಸಣೆ ಮಾಡಿಸಿಕೊಳ್ಳಿ, ಹಿಂದೆ ಮಾಡಿದ ಕೆಲಸವನ್ನು ಡಾಕ್ಟರಿಗೆ ಮರೆಯದೆ ಹೇಳಿ ಎಂದೆ. ಮರಳುವ ಮುನ್ನ ಅವರ ಒಪ್ಪಿಗೆ ಪಡೆದು, ಅವರೂ ಅವರ ಜೊತೆಗಾರರೂ ಯಾವ ವರ್ಷ ಏನೇನು ಸುತ್ತಿದರು, ಏನೇನು ಬಿಚ್ಚಿದರು ಎಂಬುದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.