ಸ್ಟೇಷನ್ ಬಂತು, ದಾರಿ ಬರಲಿಲ್ಲ

ಇದನ್ನ ಮೆಟ್ರೊದಲ್ಲಿ ನಿಂತ್ಕೊಂಡು ಕೇಳ್ತಿದ್ದರೆ ಇನ್ನೂ ಒಳ್ಳೇದು. ಯಾಕಂದ್ರೆ ಇವತ್ತಿನ ಕಥೆ ಶುರುವಾಗೋದು ಬೈಯಪ್ಪನಹಳ್ಳಿ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಹತ್ರ.

ನನ್ನ ಹಳೇ ಆಫೀಸಿನಲ್ಲಿ ಸೆಕ್ಯುರಿಟಿ ಕೆಲಸ ಮಾಡ್ತಿದ್ದ ಅಸ್ಸಾಮಿನ ಅಣ್ಣ ಒಬ್ಬರಿದ್ದಾರೆ. ಊರಿಗೆ ಕಾಯಂ ಆಗಿ ವಾಪಸ್ ಹೊರಟಿದ್ದರು, ಬಿಟ್ಟು ಬರೋಕೆ ನಾನು ಹೋಗಿದ್ದೆ. ಎರಡು ಟ್ರಾಲಿ, ಹಗ್ಗ ಕಟ್ಟಿದ ಒಂದು ಚೀಲ, ಒಂದು ಮಿಕ್ಸಿ ಡಬ್ಬ. ಮೆಟ್ರೊ ಇಳಿದ ತಕ್ಷಣ ಪಕ್ಕದಲ್ಲೇ ಬೈಯಪ್ಪನಹಳ್ಳಿ ಅಂತ ಬೋರ್ಡಿರೋ ರೈಲ್ವೆ ಸ್ಟೇಷನ್ ಕಾಣ್ಸುತ್ತೆ. ಬಂದ್ವಪ್ಪಾ ಅಂದ್ಕೊಂಡ್ವಿ. ಅದಲ್ಲ! ಗುವಾಹಟಿ ಗಾಡಿ ಹೊರಡೋದು ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಅದು ಹಳಿಗಳ ಆ ಕಡೆ, ಮಿಕ್ಸಿ ಹೊತ್ಕೊಂಡು ನಡೆಯೋ ದೂರ ಅಲ್ಲ. ಆಟೋದವರು ನಮ್ಮನ್ನಲ್ಲ, ಚೀಲಗಳನ್ನ ನೋಡಿ ರೇಟು ಹೇಳಿದರು.

ಒಳಗೆ ಹೋದ್ರೆ ಬೇರೆ ಲೋಕ. ಗಾಜು, ತಂಪು ಗಾಳಿ, ಥೇಟ್ ಏರ್‌ಪೋರ್ಟ್. 314 ಕೋಟಿ ರೂಪಾಯಿ ಖರ್ಚು, 7 ಪ್ಲಾಟ್‌ಫಾರ್ಮ್, ಪೂರ್ತಿ ಏಸಿ ಇರೋ ದೇಶದ ಮೊದಲ ರೈಲ್ವೆ ಟರ್ಮಿನಲ್ ಅನ್ನೋ ಹೆಸರು. ಕಟ್ಟಡ 2021ರಲ್ಲೇ ರೆಡಿ ಇತ್ತು. ಮೊದಲ ರೈಲು, ಎರ್ನಾಕುಲಂಗೆ, ಹೊರಟಿದ್ದು 2022ರ ಜೂನ್ 6ಕ್ಕೆ. ಬಿ.ಕಾಂ. ಓದಿದವನು ನಾನು, ಇಷ್ಟು ದೊಡ್ಡ ಆಸ್ತಿ ಅಷ್ಟು ದಿನ ಸುಮ್ನೆ ಕೂತಿತ್ತು ಅಂದ್ರೆ ಹೊಟ್ಟೆ ಉರಿಯುತ್ತೆ.

ಆದ್ರೆ ಬೆಂಗಳೂರಿಗೆ ಇದು ಹೊಸದೇನಲ್ಲ. 1864ರಲ್ಲಿ ಜೋಲಾರಪೇಟೆಯಿಂದ ಮೊದಲ ರೈಲು ಬಂದಾಗ ಅದು ನಿಂತದ್ದು ಕಂಟೋನ್ಮೆಂಟಿನಲ್ಲಿ, ಅಂದ್ರೆ ಬ್ರಿಟಿಷರ ದಂಡಿನ ಪಕ್ಕ. ಚಿಕ್ಕಪೇಟೆ, ಬಳೇಪೇಟೆ ವ್ಯಾಪಾರಿಗಳು ರೈಲು ಹತ್ತಬೇಕಂದ್ರೆ ಮೈಲಿಗಟ್ಟಲೆ ಆಚೆ ಹೋಗಬೇಕಿತ್ತು. ರೈಲು ಯಾರಿಗಾಗಿ ಬಂತೋ ಅವರ ಬಾಗಿಲಲ್ಲಿ ನಿಂತಿತು, ಅಷ್ಟೇ. 1881–82ರಲ್ಲಿ ಮೈಸೂರು ಮೀಟರ್ ಗೇಜ್ ಲೈನ್ ಬಂದಾಗಲೇ ಪೇಟೆ ಪಕ್ಕ, ಧರ್ಮಾಂಬುಧಿ ಕೆರೆ ಎದುರಿಗೆ, ಸಿಟಿ ಸ್ಟೇಷನ್ ಬೆಳೆದದ್ದು. ಆ ಕೆರೆ ಜಾಗದಲ್ಲೇ ಈಗ ನಮ್ಮ ಬಸ್ ಸ್ಟ್ಯಾಂಡ್ ಇರೋದು. ಸ್ಟೇಷನ್ನಿನ ಈಗಿನ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ನಾವು ಕರೆಯೋದು ಮಾತ್ರ ಒಂದು ಸಿನಿಮಾ ಟಾಕೀಸಿನ ಹೆಸರಲ್ಲಿ, ಮೆಜೆಸ್ಟಿಕ್ ಅಂತ.

ಮೆಜೆಸ್ಟಿಕ್ ಗಲೀಜು, ಗಲಾಟೆ, ಎಲ್ಲಾ ಒಪ್ಪೋಣ. ಆದ್ರೆ ಬಸ್ಸು, ಮೆಟ್ರೊ, ರೈಲು ಎದುರುಬದುರು. ಅದರ 10 ಪ್ಲಾಟ್‌ಫಾರ್ಮ್ ತುಂಬಿಹೋಗಿದ್ದಕ್ಕೇ ಹೊಸ ಟರ್ಮಿನಲ್ ಬೇಕಾಯ್ತು, ಅದೂ ನಿಜ. ನನ್ನ ತಕರಾರು ಇಷ್ಟೇ: ಮೈಸೂರಿಗೆ ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಹೋಗೋ ನನಗೆ ಮೆಜೆಸ್ಟಿಕ್. ಗುವಾಹಟಿ, ಅಗರ್ತಲಾ, ಹೌರಾ, ದಾನಾಪುರ ಅಂತ ದಿನಗಟ್ಟಲೆ ಕೂತು ಹೋಗೋರಿಗೆ ಆ ಕಡೆ. ಕೇರಳ, ತಮಿಳುನಾಡಿನ ಗಾಡಿಗಳೂ ಅಲ್ಲಿವೆ ಅನ್ನಿ. ಆದ್ರೂ ಅತಿ ದೊಡ್ಡ ಚೀಲ ಇರೋರಿಗೇ ಅತಿ ಕಷ್ಟದ ದಾರಿ.

ಕಾಯ್ತಾ ಕೂತಾಗ ಅಣ್ಣ 2012ರ ಮಾತು ತೆಗೆದರು. ನಾನಾಗ ಹೈಸ್ಕೂಲು. ಆಗಸ್ಟ್ 15, ಇಡೀ ಊರಿಗೆ ರಜೆ. ಅಸ್ಸಾಮಿನ ಗಲಭೆಗೆ ಸೇಡು ತೀರಿಸ್ಕೋತಾರೆ, ಈಶಾನ್ಯದವರ ಮೇಲೆ ಹಲ್ಲೆ ಆಗುತ್ತೆ ಅನ್ನೋ ಸುಳ್ಳು ಸುದ್ದಿ ಎಸ್ಸೆಮ್ಮೆಸ್‌ನಲ್ಲಿ ಹಬ್ಬಿತ್ತು. ಸಾವಿರಾರು ಜನ ಸಿಟಿ ಸ್ಟೇಷನ್ನಿಗೆ ಬಂದ್ಬಿಟ್ಟರು. ಗುವಾಹಟಿಗೆ ಸ್ಪೆಷಲ್ ರೈಲು ಬಿಡಬೇಕಾಯ್ತು. ಮಂತ್ರಿಗಳು, ಪೊಲೀಸರು ಸ್ಟೇಷನ್ನಿಗೇ ಬಂದು ಹೋಗಬೇಡಿ ಅಂದರು. ಎರಡು ದಿನಕ್ಕೆ ಕೇಂದ್ರ ಸರ್ಕಾರ ಬಲ್ಕ್ ಎಸ್ಸೆಮ್ಮೆಸ್ಸನ್ನೇ 15 ದಿನ ನಿಲ್ಲಿಸ್ತು, ಒಬ್ಬರಿಗೆ ದಿನಕ್ಕೆ ಐದೇ ಮೆಸೇಜು. ಫಾರ್ವರ್ಡ್ ಒತ್ತೋ ಮುಂಚೆ ಇದು ನನಗೆ ನೆನಪಾಗುತ್ತೆ, ಯಾವಾಗಲೂ ಅಲ್ಲ.

ಅಣ್ಣ ಆ ರಾತ್ರಿ ನೆಲದ ಮೇಲೆ ಚೀಲ ಇಟ್ಕೊಂಡು ಕೂತಿದ್ದರಂತೆ. "ಅವತ್ತು ಎಲ್ಲಿಗೆ ಓಡಬೇಕು ಅಂತ ಯೋಚನೆ ಮಾಡ್ಲೇ ಇಲ್ಲ, ಯಾವ ಬಸ್ ಹತ್ತಿದ್ರೂ ಮೆಜೆಸ್ಟಿಕ್‌ಗೇ ಬರುತ್ತಲ್ಲ" ಅಂದರು. ಮೂರು ತಿಂಗಳಿಗೆ ವಾಪಸ್ ಬಂದರು. ಆಮೇಲೆ ಹನ್ನೆರಡು ವರ್ಷ ಇಲ್ಲೇ ಇದ್ದರು.

ಹೊರಡೋ ಮುಂಚೆ ಆ ಗಾಜಿನ ಹಾಲಿನಲ್ಲಿ ಒಂದು ಫೋಟೋ ತೆಗೆಸ್ಕೊಂಡರು, ಹೆಂಡತಿಗೆ ಕಳಿಸೋಕೆ. ಸ್ಟೇಷನ್ ಚೆನ್ನಾಗಿದೆ ಅಂತ ಎರಡು ಸಲ ಹೇಳಿದರು. ನಿಜವಾಗ್ಲೂ ಚೆನ್ನಾಗಿದೆ.

ಗಾಡಿ ಹೊರಟಾಗ ತಡರಾತ್ರಿ, ಮೆಟ್ರೊ ನಿಂತುಹೋಗಿತ್ತು. ಹೊರಗೆ ಆಟೋದವನು ಬರುವಾಗ ಕೊಟ್ಟಿದ್ದಕ್ಕಿಂತ ನೂರು ರೂಪಾಯಿ ಕಮ್ಮಿ ಕೇಳಿದ. ನನ್ನ ಕೈಯಲ್ಲಿ ಲಗೇಜ್ ಇರಲಿಲ್ಲವಲ್ಲ.