ಹೊಸ ಕಂಪ್ಯೂಟರ್‌ನಲ್ಲಿ ಇಮೇಲ್ ಬರದಿದ್ದರೆ ಆ್ಯಂಟಿವೈರಸ್ ತೆಗೆಯಬೇಕೆ? ವಾಸ್ತವವೇನು?

ಕಚೇರಿಗೆ ಹೊಸ ಕಂಪ್ಯೂಟರ್ ಬಂದಿದೆ, ಇಂಟರ್‌ನೆಟ್ ಕೂಡ ಇದೆ. ಆದರೆ ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಇಮೇಲ್ ತೆರೆಯಲು ಹೋದರೆ ‘ಪಾಸ್‌ವರ್ಡ್ ತಪ್ಪು’ ಎಂಬ ಸಂದೇಶ ಬರುತ್ತದೆ. ಇಂಡಿಯ ಲಿಂಬೆ ವ್ಯಾಪಾರಿ, ಸಿಂದಗಿಯ ವಕೀಲರು, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯ ಸಹಕಾರ ಸಂಘದ ಗುಮಾಸ್ತರು, ಯಾರಿಗೇ ಆದರೂ ಇದು ತಲೆನೋವು. ರಿಪೇರಿಯವರು ವಿಜಯಪುರದಿಂದ ಬರುವಷ್ಟರಲ್ಲಿ ‘ಆ್ಯಂಟಿವೈರಸ್ ತೆಗೆದುಹಾಕಿ’, ‘ಗೂಗಲ್ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ’ ಎಂಬ ಸಲಹೆಗಳು ಬರತೊಡಗುತ್ತವೆ. ಇವುಗಳಲ್ಲಿ ಎಷ್ಟು ನಿಜ?

ವಾದ 1: ಹಳೆಯದರಲ್ಲಿ ಬರುತ್ತಿದೆ, ಹಾಗಾಗಿ ಹೊಸ ಕಂಪ್ಯೂಟರೇ ಕೆಟ್ಟಿದೆ

ಇದು ತಪ್ಪು ಗ್ರಹಿಕೆ. ಹಳೆಯ ಯಂತ್ರದಲ್ಲಿ ಖಾತೆಯ ಅನುಮತಿ ಮೊದಲೇ ಉಳಿದಿರುತ್ತದೆ. ಹೊಸದು ಅದನ್ನು ಮತ್ತೆ ಪಡೆಯಬೇಕು. ಕೇವಲ ಪಾಸ್‌ವರ್ಡ್ ಕೊಟ್ಟು ಇಂಥ ತಂತ್ರಾಂಶಗಳಲ್ಲಿ ಜಿಮೇಲ್ ತೆರೆಯುವ ಪದ್ಧತಿಯನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಸಂಸ್ಥೆಗಳ ಖಾತೆಗಳಿಗೆ 2025ರ ಮೇ ತಿಂಗಳಲ್ಲಿ ನಿಂತಿತು. ಹಾಗಾಗಿ ಪಾಸ್‌ವರ್ಡ್ ಸರಿಯಿದ್ದರೂ ‘ತಪ್ಪು’ ಎನ್ನಬಹುದು.

ಪರಿಹಾರ: ‘ಸೈನ್ ಇನ್ ವಿತ್ ಗೂಗಲ್’ ಆಯ್ಕೆ ಬಳಸಿ. ಹಳೆಯ ತಂತ್ರಾಂಶದಲ್ಲಿ ಆ ಆಯ್ಕೆ ಇಲ್ಲದಿದ್ದರೆ ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ಹಾಕಿ. ಗಾಬರಿಯಲ್ಲಿ ಮೂಲ ಪಾಸ್‌ವರ್ಡ್ ಬದಲಿಸಬೇಡಿ. ಬದಲಿಸಿದರೆ ಹಿಂದಿನ ಆ್ಯಪ್ ಪಾಸ್‌ವರ್ಡ್‌ಗಳೂ ರದ್ದಾಗಿ, ಅದನ್ನು ಬಳಸುತ್ತಿದ್ದ ಹಳೆಯ ಕಂಪ್ಯೂಟರ್‌ನಲ್ಲೂ ಇಮೇಲ್ ನಿಲ್ಲುತ್ತದೆ.

ವಾದ 2: ಆ್ಯಂಟಿವೈರಸ್ ತೆಗೆದರೆ ಸರಿಹೋಗುತ್ತದೆ

ಕೆಲವೊಮ್ಮೆ ಆ್ಯಂಟಿವೈರಸ್‌ನ ಇಮೇಲ್ ತಪಾಸಣೆ ಅಡ್ಡಬರುವುದು ನಿಜ. ಅದಕ್ಕಾಗಿ ಇಡೀ ರಕ್ಷಣೆಯನ್ನೇ ತೆಗೆಯುವ ಅಗತ್ಯವಿಲ್ಲ. ಮೊದಲು ಈ ಕ್ರಮದಲ್ಲಿ ನೋಡಿ:

• ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಿರಿ. ಅಲ್ಲಿ ತೆರೆದರೆ ಇಂಟರ್‌ನೆಟ್ ಸರಿಯಿದೆ. ದೋಷ ಇರುವುದು ತಂತ್ರಾಂಶದ ಸೆಟ್ಟಿಂಗ್‌ನಲ್ಲಿ.
• ತೆರೆಯದಿದ್ದರೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಿ. ಆಗ ಬಂದರೆ ಕಚೇರಿಯ ರೂಟರ್ ಅಥವಾ ಬ್ರಾಡ್‌ಬ್ಯಾಂಡ್ ಕಡೆ ತೊಂದರೆ ಇದೆ.
• ದಿನಾಂಕ, ಸಮಯ ನೋಡಿ. ಸರ್ವರ್‌ನ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಕೊನೆಯ ದಿನಾಂಕ ಇರುತ್ತದೆ. ಕಂಪ್ಯೂಟರ್‌ನ ಗಡಿಯಾರ ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವೂ ಅಮಾನ್ಯವಾಗಿ ಕಾಣುತ್ತದೆ. ಕರೆಂಟ್ ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಬದಲಿಸಬೇಕು.
• ಪೋರ್ಟ್ ಸಂಖ್ಯೆ ನೋಡಿ. ಜಿಮೇಲ್‌ನಲ್ಲಿ ಪತ್ರ ಪಡೆಯಲು ಐಮ್ಯಾಪ್ 993, ಕಳಿಸಲು ಎಸ್‌ಎಂಟಿಪಿ 465 ಅಥವಾ 587. ಪತ್ರ ಬರುತ್ತದೆ ಆದರೆ ಹೋಗುವುದಿಲ್ಲ ಎಂದಾದರೆ ಎಸ್‌ಎಂಟಿಪಿ ಸೆಟ್ಟಿಂಗ್ ಪರೀಕ್ಷಿಸಿ.
• ಸಂಪರ್ಕ ಸಿಕ್ಕರೂ ಹೊಸ ಪತ್ರ ಬರದಿದ್ದರೆ ಜಾಗ ನೋಡಿ. ಉಚಿತ ಖಾತೆಯ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು.

ವಾದ 3: ಹೊಸದು ಬಂದಿದೆ, ಹಳೆಯದನ್ನು ಫಾರ್ಮ್ಯಾಟ್ ಮಾಡಿ ಮಾರಬಹುದು

ತಡೆಯಿರಿ. ಹಳೆಯದರಲ್ಲಿ ‘ಪಾಪ್’ ವಿಧಾನ ಇದ್ದರೆ ಪತ್ರಗಳು ಸರ್ವರ್‌ನಿಂದ ಇಳಿದು ಆ ಕಂಪ್ಯೂಟರ್‌ನಲ್ಲಿ ಮಾತ್ರ ಉಳಿದಿರಬಹುದು. ಫಾರ್ಮ್ಯಾಟ್ ಮಾಡಿದರೆ ವರ್ಷಗಳ ಬಿಲ್ಲು, ಪತ್ರ ವ್ಯವಹಾರ ಎಲ್ಲ ಹೋಗುತ್ತದೆ. ಬ್ರೌಸರ್‌ನಲ್ಲಿ ಹಳೆಯ ಪತ್ರಗಳು ಕಾಣುತ್ತಿವೆಯೇ ಎಂದು ನೋಡಿ, ಬ್ಯಾಕಪ್ ತೆಗೆದ ಮೇಲೆ ಮುಂದುವರಿಯಿರಿ.

ವಾದ 4: ಕಸ್ಟಮರ್ ಕೇರ್ ಸಂಖ್ಯೆಗೆ ಕರೆ ಮಾಡಿ

ಇದು ಅತ್ಯಂತ ಅಪಾಯಕಾರಿ ಸಲಹೆ. ಉಚಿತ ಜಿಮೇಲ್ ಖಾತೆಗೆ ಫೋನ್‌ನಲ್ಲಿ ನೆರವು ನೀಡುವ ಕಸ್ಟಮರ್ ಕೇರ್ ಇಲ್ಲ. ಹಾಗೆಂದು ಫಾರ್ವರ್ಡ್ ಆಗುವ ಸಂಖ್ಯೆಯ ಆ ಕಡೆ ಇರುವವರು ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ನಿಮ್ಮ ಪರದೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು. ಕಚೇರಿಯ ಇಮೇಲ್ ಕೈಗೆ ಸಿಕ್ಕರೆ ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸಬಹುದು, ನಿಮ್ಮ ಹೆಸರಿನಲ್ಲೇ ಗ್ರಾಹಕರಿಗೆ ಬೇರೆ ಬ್ಯಾಂಕ್ ಖಾತೆ ಸಂಖ್ಯೆ ಕಳಿಸಬಹುದು. ಒಟಿಪಿ, ಆ್ಯಪ್ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಾರೆ, ಹೊಸ ಕಂಪ್ಯೂಟರ್‌ನಲ್ಲಿ ಇಮೇಲ್ ಬರದಿರಲು ಹೆಚ್ಚಾಗಿ ಕಾರಣ ಅನುಮತಿ, ದಿನಾಂಕ ಅಥವಾ ಸೆಟ್ಟಿಂಗ್. ಆ್ಯಂಟಿವೈರಸ್ ತೆಗೆಯುವಂತೆ ಅಥವಾ ಯಾವುದೋ ಸಂಖ್ಯೆಗೆ ಕರೆ ಮಾಡುವಂತೆ ಹೇಳುವ ಸಂದೇಶ ನಿಮಗೂ ಬಂದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ.